ಬಟಾಣಿ ಕೈ ಇಳಿಸಿದ ದಿನ

ಬೋಟಿನವನಿಗೆ ಒಂದು ಕಡೆ ಕೂರುವ ಅಭ್ಯಾಸವೇ ಇರಲಿಲ್ಲ. ಚಹಾ ಕುಡಿಯುವುದೂ ನಿಂತೇ, ಉಣ್ಣುವುದೂ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ, ಫೋನಿನಲ್ಲಿ ಮಾತಾಡುವಾಗಲಂತೂ ಮನೆಯ ಉದ್ದಗಲ ಅಳೆದು ಮುಗಿಸುತ್ತಿದ್ದ. ಇವನು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಹೆತ್ತ ತಾಯಿಯೇ ಕೈಚೆಲ್ಲಿದ್ದಳು. ಅವನು ತಾನಾಗಿ ಕೂರುತ್ತಿದ್ದ ಜಾಗ ಒಂದೇ, ಬೋಟಿನ ಚಾಲಕನ ಸೀಟು. ಅಲ್ಲೂ ಒಂದು ಮೊಣಕಾಲು ಸದಾ ಕುಣಿಯುತ್ತಿರುತ್ತಿತ್ತು.

ಅಂಥವನಿಗೆ ನಲವತ್ತೊಂದನೆಯ ವಯಸ್ಸಿನಲ್ಲಿ ಮದುವೆಯಾಯಿತು, ಮದುವೆಯ ಜೊತೆಗೆ ಆರು ವರ್ಷದ ಮಗಳೂ ಬಂದಳು. ಹೆಂಡತಿ ದರ್ಜಿ. ಅಣೆಕಟ್ಟಿನ ಹಿಂದಿನ ಕೆರೆಯಲ್ಲಿ ಬೋಟಿನ ಆಟ ನಡೆಸುವವರ ಹರಿದ ಲೈಫ್ ಜಾಕೆಟ್‌ಗಳಿಗೆ ಹೊಲಿಗೆ ಹಾಕಲು ಬಂದವಳು, ಇವನ ಜಾಕೆಟ್ಟಿನ ಪಟ್ಟಿ ಮೂರು ಸಲ ಯಾಕೆ ಕಿತ್ತುಹೋಯಿತು ಎಂದು ನಾಲ್ಕನೆಯ ಸಲ ಅರ್ಥ ಮಾಡಿಕೊಂಡವಳು. ಮಗಳಿಗೆ ಅವಳು ಇಟ್ಟ ಅಡ್ಡಹೆಸರು ಬಟಾಣಿ. ಒಂದು ಸಲ ಇವನೂ ಬಾಯಿ ತಪ್ಪಿ ಬಟಾಣಿ ಎಂದಾಗ ಹುಡುಗಿ ಅಮ್ಮನ ಮುಖ ನೋಡಿದಳು. ಅಂದಿನಿಂದ ಇವನ ಬಾಯಲ್ಲಿ ಬರೀ ಮಗು.

ಅವರು ಇವನ ಮನೆಗೆ ಬಂದು ಹನ್ನೊಂದು ವಾರವಾಗಿತ್ತು. ಹನ್ನೊಂದು ವಾರವೂ ಬಟಾಣಿ ತನ್ನ ಹೊದಿಕೆಯನ್ನು ತಾನೇ ಮಡಿಸಿಟ್ಟಳು, ತನ್ನ ಲೋಟ ತಾನೇ ತೊಳೆದಳು, ಫ್ರಿಜ್ ತೆರೆಯುವ ಮುಂಚೆ ತೆಗೀಲಾ ಎಂದು ಕೇಳಿದಳು. ಇವನು ಖುಷಿಯಿಂದ ತಂದ ದಿಂಬು ಅವಳಿಗೆ ಬೇಕಿದ್ದ ಬಣ್ಣದ್ದಲ್ಲ ಎಂದು ಗೊತ್ತಾದಾಗ ಪರವಾಗಿಲ್ಲ ಎಂದಳು. ಅವಳ ಡಬ್ಬಿಯ ಕೊನೆಯ ಎರಡು ಬಿಸ್ಕತ್ತನ್ನು ಇವನು ಯೋಚಿಸದೆ ಬಾಯಿಗೆ ಹಾಕಿಕೊಂಡ ದಿನವೂ ಪರವಾಗಿಲ್ಲ ಎಂದಳು. ಹಟ ಇಲ್ಲ, ಅಳು ಇಲ್ಲ. ಎಷ್ಟು ಒಳ್ಳೆಯ ಮಗು ಎಂದು ಅಕ್ಕಪಕ್ಕದವರು ಹೊಗಳಿದರೆ ಇವನು ಮಾತು ಮರೆಸಿ ಒಳಗೆ ಹೋಗುತ್ತಿದ್ದ. ನೆಂಟರ ಮನೆಯಲ್ಲಿ ಹಾಗಿರುತ್ತಾರೆ, ಸ್ವಂತ ಮನೆಯಲ್ಲಿ ಯಾರೂ ಹಾಗಿರುವುದಿಲ್ಲ. ಅವಳು ನೆಂಟಳಾಗಿರುವುದು ನಿಲ್ಲಬೇಕು, ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಅದನ್ನು ಹೇಗೆ ಮಾಡಬೇಕೆಂದು ತಿಳಿಯದೆ ಮನೆಯ ಬಲ್ಬು, ನಲ್ಲಿ, ಬಾಗಿಲಿನ ಕೀಲು ಎಲ್ಲವನ್ನೂ ಬಿಚ್ಚಿ ಬಿಚ್ಚಿ ರಿಪೇರಿ ಮಾಡುತ್ತಿದ್ದ.

ಅಷ್ಟರಲ್ಲಿ ಕೆರೆಯ ನೀರು ಬಿಡುವ ಸುದ್ದಿ ಬಂತು. ಅಣೆಕಟ್ಟಿನ ಬಾಗಿಲುಗಳಿಗೆ ರಿಪೇರಿ, ಸೋಮವಾರ ಮಧ್ಯಾಹ್ನದಿಂದ ನೀರು ಇಳಿಸುತ್ತಾರೆ, ಎಂಟು ತಿಂಗಳು ಬೋಟಿಲ್ಲ. ಶುಕ್ರವಾರ ಬೆಳಿಗ್ಗೆ ಈ ಮನುಷ್ಯನ ತಲೆಗೆ ಒಂದು ಹುಳ ಹೊಕ್ಕಿತು. ನೀರು ಇಳಿಯುವ ಮುಂಚೆ ಹುಡುಗಿಯನ್ನು ಬೋಟಿನ ಹಿಂದೆ ಜಾರುವ ವೇಕ್‌ಬೋರ್ಡಿನ ಮೇಲೆ ಎಬ್ಬಿಸಿ ನಿಲ್ಲಿಸಿದರೆ ಅವಳು ತನ್ನ ಮಗಳಾಗುತ್ತಾಳೆ ಎಂಬ ಹುಳ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬಾರದು. ಅವನಿಗೆ ಚೆನ್ನಾಗಿ ಬರುತ್ತಿದ್ದದ್ದು ಅದೊಂದೇ ಕೆಲಸ, ಕೊಡುವುದಿದ್ದರೆ ಅದನ್ನೇ ಕೊಡಬೇಕಿತ್ತು.

"ಎಂಟು ತಿಂಗಳು ತಡೆಯೋಕೆ ಆಗಲ್ವಾ?" ಎಂದಳು ಹೆಂಡತಿ, ಮೆಷಿನ್ನಿನಿಂದ ತಲೆ ಎತ್ತದೆ.

"ನಾನು ತಡೀತೀನಿ. ನೀರು ತಡೆಯಲ್ಲ."

"ಅವಳನ್ನ ಕೇಳಿದೆಯಾ?"

"ಕೇಳಿದೆ. ಸರಿ ಅಂದಳು."

"ಅವಳು ಸರಿ ಅನ್ನದೆ ಇದ್ದದ್ದು ಯಾವಾಗ, ಹೇಳು" ಎಂದು ಅವಳು ದಾರ ಕಚ್ಚಿ ತುಂಡು ಮಾಡಿ ತಿರುಗಿ ನೋಡುವಷ್ಟರಲ್ಲಿ ಅವನು ಬಾಗಿಲು ದಾಟಿ ಆಗಿತ್ತು. ಅವಳು ನಿಟ್ಟುಸಿರು ಬಿಟ್ಟು, ಅತಿ ಚಿಕ್ಕ ಅಳತೆಯ ಒಂದು ಜಾಕೆಟ್ ಹುಡುಕಿ ತೆಗೆದು, ಮೇಲಕ್ಕೆ ಜಾರದಂತೆ ತೊಡೆಯ ನಡುವಿನಿಂದ ಬರುವ ಪಟ್ಟಿಗೆ ಎರಡೆರಡು ಹೊಲಿಗೆ ಹಾಕಿದಳು.

ಮೊದಲ ಪಾಠ ಅದೇ ಸಂಜೆ, ನೀರಿನಲ್ಲಲ್ಲ, ದಡದ ಹುಲ್ಲಿನ ಮೇಲೆ. ವೇಕ್‌ಬೋರ್ಡ್ ಎಂದರೆ ಎರಡೂ ಪಾದಗಳನ್ನು ಬೂಟಿಗೆ ಸಿಕ್ಕಿಸಿಕೊಂಡು ನಿಲ್ಲುವ ಹಲಗೆ. ಮುಂದೆ ಬೋಟು ಹಗ್ಗದಿಂದ ಎಳೆಯುತ್ತದೆ, ಹಿಂದೆ ಮನುಷ್ಯ ನೀರಿನ ಮೇಲೆ ಜಾರುತ್ತಾ ಬರುತ್ತಾನೆ. ಕಲಿಯುವವರೆಲ್ಲ ಮಾಡುವ ತಪ್ಪು ಒಂದೇ, ಎದ್ದು ನಿಲ್ಲುವ ಅವಸರ. ಅವಸರ ಪಡಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ಕೆಲಸ ಈ ಮನುಷ್ಯನದು, ನೋಡಿ.

"ಮಂಡಿ ಎದೆಗೆ ಬರಲಿ. ಕೈ ನೇರ. ಚಿಕ್ಕ ಸ್ಟೂಲಿನ ಮೇಲೆ ಕೂತ ಹಾಗೆ ಕೂತಿರು. ನೀನು ಏಳಬೇಡ, ಹಗ್ಗ ನಿನ್ನನ್ನ ಎಬ್ಬಿಸುತ್ತೆ" ಎಂದು ಅವನು ಹಗ್ಗದ ಇನ್ನೊಂದು ತುದಿ ಹಿಡಿದು ನಿಧಾನವಾಗಿ ಎಳೆದ. ಬಟಾಣಿ ಹಲಗೆಯ ಮೇಲೆ ಮುದುಡಿ ಕೂತವಳು ಹಾಗೇ ಎದ್ದು ನಿಂತಳು. ಮೊದಲ ಸಲಕ್ಕೇ. ಅವನಿಗೆ ಹಿಗ್ಗು ತಡೆಯಲಾಗಲಿಲ್ಲ.

ಆಮೇಲೆ ಸನ್ನೆಗಳು. ಬೋಟಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಎಲ್ಲವೂ ಕೈಯಲ್ಲೇ. ಹೆಬ್ಬೆರಳು ಮೇಲೆ ಎಂದರೆ ಜೋರಾಗಿ, ಕೆಳಗೆ ಎಂದರೆ ನಿಧಾನ. "ಇನ್ನೊಂದಿದೆ, ಎಲ್ಲಕ್ಕಿಂತ ಮುಖ್ಯ. ಬಿದ್ದ ತಕ್ಷಣ ಅಂಗೈ ತಲೆ ಮೇಲೆ ಇಡಬೇಕು. ನಾನು ಸರಿ ಇದ್ದೀನಿ ಅಂತ ಅರ್ಥ. ಅದು ಕಾಣೋವರೆಗೆ ಬೋಟ್‌ನಲ್ಲಿ ಇರೋರಿಗೆ ಸಮಾಧಾನ ಇರಲ್ಲ. ಎಲ್ಲಿ, ಬೀಳು ನೋಡೋಣ."

ಬಟಾಣಿ ಹುಲ್ಲಿನ ಮೇಲೆ ಬಿದ್ದಳು, ಕೈ ತಲೆಗೆ ಹೋಯಿತು. ಶಹಬ್ಬಾಸ್ ಎಂದ. ಮತ್ತೆ ಬಿದ್ದಳು, ಕೈ ಇನ್ನೂ ಬೇಗ ಹೋಯಿತು. ಇಷ್ಟು ಚುರುಕಾಗಿ ದೊಡ್ಡವರೂ ಮಾಡಲ್ಲ ಎಂದು ಅವನು ಹೊಗಳಿದಾಗ ಅವಳ ಮುಖದಲ್ಲಿ ಹನ್ನೊಂದು ವಾರದಲ್ಲಿ ಕಾಣದ ಒಂದು ನಗು ಬಂತು. ಅದನ್ನು ಕಂಡು ಅವನು ಇಪ್ಪತ್ತು ಸಲ ಬೀಳಿಸಿದ.

ಸರಿ ಇಲ್ಲದಿದ್ದರೆ ಏನು ಮಾಡಬೇಕೆಂದು ಮಾತ್ರ ಹೇಳಲಿಲ್ಲ. ಆ ಕಸುಬಿನಲ್ಲಿ ಯಾರೂ ಹೇಳುವುದಿಲ್ಲ. ಸರಿ ಇಲ್ಲದವರ ಕೈ ಮೇಲೆ ಬರುವುದಿಲ್ಲ, ಬರಲಿಲ್ಲ ಎಂದರೆ ಬೋಟಿನವರು ಹಾರುತ್ತಾರೆ, ಅಷ್ಟೇ. ಹದಿನೆಂಟು ವರ್ಷ ಅದು ಹಾಗೇ ನಡೆದುಕೊಂಡು ಬಂದಿತ್ತು.

ಶನಿವಾರ ನೀರಿಗೆ ಇಳಿದರು. ಬೋಟು ಓಡಿಸುವವನ ಕಣ್ಣು ಮುಂದೆ ಇರಬೇಕು, ಹಿಂದೆ ನೋಡಲು ಇನ್ನೊಬ್ಬರು ಬೇಕು. ಆ ಕೆಲಸಕ್ಕೆ ಗ್ರೀಸಜ್ಜ ಬಂದು ಹಿಂದಕ್ಕೆ ಮುಖ ಮಾಡಿ ಕೂತ. ಗ್ರೀಸಜ್ಜ ಬೋಟುಗಳ ಮೆಕ್ಯಾನಿಕ್. ಅರವತ್ತೆಂಟು ವರ್ಷ, ಉಗುರಿನೊಳಗಿನ ಕಪ್ಪು ಮಾತ್ರ ಎಂದೂ ಹೋಗಿದ್ದಿಲ್ಲ, ಬಾಯಿಗಂತೂ ಬೀಗವಿಲ್ಲ.

"ನಮ್ಮ ಕಾಲದಲ್ಲಿ ತಲೆ ಮೇಲೆ ಕೈ ಹೊತ್ತು ಕೂತ ಅಂದ್ರೆ ಮನೆ ಮುಳುಗಿತು ಅಂತ ಅರ್ಥ" ಎಂದ ಅವನು. "ನಿಮ್ಮ ಕೆರೇಲಿ ಅದೇ ಕ್ಷೇಮ ಸಮಾಚಾರ."

ಬೋಟಿನವನಿಗೆ ನಗುವಷ್ಟು ಪುರುಸೊತ್ತಿರಲಿಲ್ಲ. ಹಗ್ಗ ಗಿಡ್ಡ ಮಾಡಿ ಕಟ್ಟಿದ, ಗಂಟು ನೋಡಿದ, ಬಿಚ್ಚಿದ, ಮತ್ತೆ ಕಟ್ಟಿದ. ನಡಿಗೆಗಿಂತ ಸ್ವಲ್ಪವೇ ಹೆಚ್ಚಿನ ವೇಗದಲ್ಲಿ ಎಳೆದ. ಬಟಾಣಿ ಬಿದ್ದಳು. "ಕೈ ಬಂತು" ಎಂದ ಗ್ರೀಸಜ್ಜ. ಬೋಟು ತಿರುಗಿಸಿ, ಹಗ್ಗ ಅವಳ ಕೈಗೆ ಸಿಗುವಂತೆ ಸುತ್ತು ಹಾಕಿ, ಮತ್ತೆ ಎಳೆದ. ಮತ್ತೆ ಬಿದ್ದಳು. ಕೈ ಬಂತು. ಸಾಕಾ ಎಂದು ಇವನು ಕೂಗಿ ಕೇಳಿದರೆ ಪರವಾಗಿಲ್ಲ ಎಂದು ಉತ್ತರ ಬರುತ್ತಿತ್ತು. ಆ ಕಡೆ ದಂಡೆಯ ಕಲ್ಲುಗಳಲ್ಲಿ ನೀರಿನ ಮಟ್ಟ ನೋಡುತ್ತಾ, ಗಡಿಯಾರ ನೋಡುತ್ತಾ, ಸ್ಟಿಯರಿಂಗಿನ ಮೇಲೆ ಬೆರಳು ಬಡಿಯುತ್ತಾ ಅವನು ಏಳು ಸಲ ಎಳೆದ.

ಏಳನೆಯ ಸಲ ಗ್ರೀಸಜ್ಜ ಹುಬ್ಬು ಗಂಟಿಕ್ಕಿದ. "ಅಲ್ಲಯ್ಯ, ಈ ಹುಡುಗಿದು ಒಂದು ವಿಚಿತ್ರ. ನೀರಿಂದ ತಲೆ ಮೇಲೆ ಬರೋ ಮುಂಚೆ ಕೈ ಬರುತ್ತೆ."

"ಚುರುಕು" ಎಂದ ಬೋಟಿನವನು.

"ಚುರುಕೋ ಏನೋ. ಉಸಿರು ತಗೊಂಡು ಆಮೇಲೆ ಅಲ್ವಾ ಸರಿ ಇದ್ದೀನೋ ಇಲ್ವೋ ಗೊತ್ತಾಗೋದು."

ಆ ಮಾತು ಬೋಟಿನವನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು. ಯಾಕೆಂದರೆ ಎಂಟನೆಯ ಸಲ ಬಟಾಣಿ ಎದ್ದಳು. ಮೂರೇ ಮೂರು ಸೆಕೆಂಡು. ಆದರೂ ಎದ್ದಳು. ಗ್ರೀಸಜ್ಜ ಚಪ್ಪಾಳೆ ತಟ್ಟಿದ. ಬೋಟಿನವನು ಕನ್ನಡಿಯಲ್ಲಿ ಅದನ್ನು ಕಂಡು, ಆ ರಾತ್ರಿ ಊಟದ ಹೊತ್ತಿಗೆ ಮೂರನ್ನು ಐದು ಮಾಡಿ, ಐದನ್ನು ಎಂಟು ಮಾಡಿ ಹೆಂಡತಿಗೆ ಹೇಳಿದ. ಬಟಾಣಿ ತಟ್ಟೆಯ ಕಡೆ ನೋಡುತ್ತಾ ಊಟ ಮುಗಿಸಿ, ತಟ್ಟೆ ತೊಳೆದಿಟ್ಟು ಮಲಗಲು ಹೋದಳು.

ಭಾನುವಾರ ಗಾಳಿ ಇತ್ತು. ಅಂಥ ದಿನ ಚಿಕ್ಕ ಮಕ್ಕಳನ್ನು ನೀರಿಗೆ ಇಳಿಸುವುದಿಲ್ಲ ಎಂದು ಬೇರೆಯವರಿಗಾದರೆ ಅವನೇ ಹೇಳುತ್ತಿದ್ದ. ಇಂದು ಹೇಳಿಕೊಳ್ಳಲಿಲ್ಲ. ನಾಳೆ ಮಧ್ಯಾಹ್ನ ಎಂಬುದು ಬೆಳಗಿನಿಂದ ತಲೆಯಲ್ಲಿ ಕೊರೆಯುತ್ತಿತ್ತು. ನಾಲ್ಕನೆಯ ಸಲ ಬಟಾಣಿ ನಿಜವಾಗಿ ಎದ್ದಳು. ಮಂಡಿ ಮಡಚಿ, ಕೈ ನೇರ ಮಾಡಿ, ಒಂದು, ಎರಡು, ಐದು, ಒಂಬತ್ತು ಎಂದು ಗ್ರೀಸಜ್ಜ ಎಣಿಸುತ್ತಿದ್ದ. ಹತ್ತು ಎನ್ನುವ ಮುಂಚೆ ಹಲಗೆಯ ಮುಂದಿನ ಅಂಚು ಒಂದು ಅಲೆಗೆ ಸಿಕ್ಕಿ, ಅವಳು ಮುಖ ಅಡಿಯಾಗಿ ನೀರಿಗೆ ಬಡಿದಳು. ಆ ಸದ್ದು ಎಂಜಿನ್ನಿನ ಸದ್ದನ್ನೂ ಮೀರಿ ಮುಂದಿನ ಸೀಟಿಗೆ ಕೇಳಿತು.

"ಕೈ?" ಎಂದ ಬೋಟಿನವನು.

"ಬಂತು" ಎಂದ ಗ್ರೀಸಜ್ಜ. ಆಮೇಲೆ ಬೇರೆ ದನಿಯಲ್ಲಿ, "ತಿರುಗಿಸು. ಬೇಗ ತಿರುಗಿಸು."

ತಿರುಗಿಸಿದ. ಜಾಕೆಟ್ ಅವಳನ್ನು ತೇಲಿಸಿ ಹಿಡಿದಿತ್ತು. ಮೂಗಿನಿಂದ ರಕ್ತ ಇಳಿದು ತುಟಿಯ ಮೇಲೆ ನೀರಿನೊಂದಿಗೆ ಹರಡಿತ್ತು. ಕುಡಿದ ನೀರು ಹೊರಗೆ ಬರದೆ, ಉಸಿರು ಒಳಗೆ ಹೋಗದೆ, ಬಾಯಿ ತೆರೆದುಕೊಂಡು ಅವಳು ಹೆಣಗುತ್ತಿದ್ದಳು. ಮತ್ತು ಬಲಗೈ ತಲೆಯ ಮೇಲೆ ಇತ್ತು. ಹೇಳಿಕೊಟ್ಟ ಹಾಗೆಯೇ, ಅಂಗೈ ಚಪ್ಪಟೆಯಾಗಿ.

ಬೋಟಿನವನು ಎಂಜಿನ್ ಆರಿಸಿ ಬಟ್ಟೆಯ ಸಮೇತ ಹಾರಿದ. ಅವಳನ್ನು ಎದೆಗೆ ಅವಚಿ ಬೆನ್ನು ತಟ್ಟಿದ. ಕೆಮ್ಮಿದಳು, ನೀರು ಕಕ್ಕಿದಳು, ಉಸಿರು ಬಂತು. ಉಸಿರು ಬಂದ ಮೇಲೆ ಅವಳು ಹೇಳಿದ ಮೊದಲ ಮಾತು, "ಪರವಾಗಿಲ್ಲ."

"ಕೈ ಇಳಿಸು, ಮಗು."

ಇಳಿಸಲಿಲ್ಲ. ಅವನು ಮೆಲ್ಲಗೆ ಮಣಿಕಟ್ಟು ಹಿಡಿದು ಕೆಳಗೆ ಎಳೆದ. ಆ ಚಿಕ್ಕ ಕೈಯಲ್ಲಿ ಅಷ್ಟು ಬಲವಿರುತ್ತದೆಂದು ಅವನು ಎಣಿಸಿರಲಿಲ್ಲ. ಮೈಯೆಲ್ಲ ಗಡಗಡ ನಡುಗುತ್ತಿತ್ತು, ಕೈ ಮಾತ್ರ ಬಿಗಿಯಾಗಿ ಅಲ್ಲೇ ಇತ್ತು.

"ನೋಯ್ತಿದೆಯಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಅವನ ಕಿವಿಯ ಹತ್ತಿರ ಕೇಳಿದಳು, "ಸರಿ ಇಲ್ಲ ಅಂದ್ರೆ ನಾವು ಮತ್ತೆ ದೊಡ್ಡಮ್ಮನ ಮನೆಗೆ ಹೋಗ್ಬೇಕಾ?"

ಬೋಟಿನವನಿಗೆ ಕೆರೆಯ ನೀರೆಲ್ಲ ಒಮ್ಮೆಗೇ ತಣ್ಣಗಾದಂತಾಯಿತು. ಇಲ್ಲ ಎಂದ, ಇಲ್ಲ ಇಲ್ಲ ಎಂದು ಮೂರು ನಾಲ್ಕು ಸಲ ಹೇಳಿದ. ಮೊನ್ನೆ ಸಂಜೆಯಿಂದ ಎಷ್ಟು ಸಲ ಬಿದ್ದಳು, ಎಷ್ಟು ಸಲ ಕೈ ಎತ್ತಿದಳು, ಅದರಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಎಂದು ಮನಸ್ಸು ಲೆಕ್ಕ ಹಾಕಲು ಹೊರಟು ನಾಚಿಕೆಯಿಂದ ಅಲ್ಲೇ ನಿಂತಿತು. ಗ್ರೀಸಜ್ಜ ಬೋಟು ಹತ್ತಿರ ತಂದು ಇಬ್ಬರನ್ನೂ ಎಳೆದುಕೊಂಡ.

ಮನೆಯಲ್ಲಿ ಹೆಂಡತಿ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ರಕ್ತ ಒರೆಸಿ, ಮೂಗು ಮುಟ್ಟಿ ನೋಡಿ, ಒಣಗಿದ ಬಟ್ಟೆ ತೊಡಿಸಿ, ಬೆಚ್ಚಗೆ ಹೊದಿಸಿ ಮಲಗಿಸಿದಳು. ಸಂಜೆಯ ಬೆಳಕು ಇನ್ನೂ ಕಿಟಕಿಯಲ್ಲಿತ್ತು. ಬೋಟಿನವನು ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದ.

"ದೊಡ್ಡಮ್ಮನ ಮನೆ ಅಂತ ಏನೋ ಅಂದಳು" ಎಂದ.

ಹೆಂಡತಿ ಮೆಷಿನ್ನಿನ ಮುಂದೆ ಕೂತಿದ್ದಳು, ಹೊಲಿಯುತ್ತಿರಲಿಲ್ಲ. "ಇವಳಪ್ಪ ಬಿಟ್ಟುಹೋದ ಮೇಲೆ ಎರಡು ವರ್ಷ ಅಕ್ಕನ ಮನೇಲಿದ್ವಲ್ಲ. ಒಂದು ದಿನ ಇವಳು ಹಟ ಮಾಡಿದಳು ಅಂತ ಭಾವ ನಮ್ಮ ಚೀಲ ಹೊರಗಿಟ್ಟ. ಆವತ್ತೇ ಹೇಳಿಕೊಟ್ಟೆ. ಏನು ಕೊಟ್ಟರೂ ಪರವಾಗಿಲ್ಲ ಅನ್ನು, ಏನು ಕೇಳಿದರೂ ಸರಿ ಅನ್ನು, ಇಲ್ಲಾಂದ್ರೆ ನಮಗೆ ಜಾಗ ಇರಲ್ಲ ಅಂತ. ಇಲ್ಲಿಗೆ ಬಂದ ಮೇಲೆ ಇನ್ನು ಅದು ಬೇಡ ಅಂತ ಹೇಳೋದನ್ನ ಮರೆತೇಬಿಟ್ಟೆ." ಅವಳು ಅಳುತ್ತಿದ್ದಳು. "ಒಳ್ಳೆ ಹುಡುಗಿ ಅಂತ ಎಲ್ಲರೂ ಅಂದಾಗ ನಾನೂ ಹಿಗ್ಗಿದೆ."

ಅವನು ಅವಳ ಹೆಗಲ ಮೇಲೆ ಕೈ ಇಟ್ಟ. "ಅವಳ ಕೈ ಎಷ್ಟು ಚುರುಕು ಅಂತ ನಾನೂ ಹಿಗ್ಗಿದೆ" ಎಂದ.

ಬಟಾಣಿ ಎದ್ದ ಮೇಲೆ ಅವನು ಅವಳನ್ನು ಸ್ನಾನದ ಮನೆಗೆ ಕರೆದು, ದೊಡ್ಡ ಟಬ್ಬಿಗೆ ನೀರು ಬಿಟ್ಟು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. "ನಾನು ಒಂದು ಸನ್ನೆ ಹೇಳೋದು ಮರೆತಿದ್ದೆ. ತಪ್ಪು ನಂದು. ಸರಿ ಇಲ್ಲದೆ ಇದ್ದರೆ ಎರಡೂ ಅಂಗೈ ಹೀಗೆ ನೀರಿಗೆ ಬಡಿಯಬೇಕು. ಎಷ್ಟು ಜೋರಾಗಿ ಬೇಕಾದರೂ ಬಡಿ. ಯಾರೂ ಎಲ್ಲಿಗೂ ಕಳಿಸಲ್ಲ."

"ಸರಿ" ಎಂದಳು ಬಟಾಣಿ. ಎರಡೂ ಅಂಗೈಯಿಂದ ನೀರನ್ನು ಬಡಿದಳು. ನೀಟಾಗಿ, ಒಂದು ಹನಿಯೂ ಅವನ ಮೈಗೆ ಸಿಡಿಯದ ಹಾಗೆ. ಬಡಿದು, ಸರಿಯಾಯಿತೇ ಎಂದು ಅವನ ಮುಖ ನೋಡಿದಳು. ಅದನ್ನೂ ಅವಳು ಹೇಳಿಕೊಟ್ಟ ಪಾಠದ ಹಾಗೇ ಒಪ್ಪಿಸಿದಳು. ಬೋಟಿನವನಿಗೆ ಶಹಬ್ಬಾಸ್ ಎಂಬ ಮಾತು ನಾಲಿಗೆ ತುದಿಗೆ ಬಂದು ಅಲ್ಲೇ ಉಳಿಯಿತು. ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಬ್ರೆಡ್ಡು, ಮೊಟ್ಟೆ, ಬಟಾಣಿಯ ಲೋಟದಲ್ಲಿ ಹಾಲು. ಕೆರೆಯ ಮಾತು ಎತ್ತಬಾರದೆಂದು ಅವನು ತನಗೆ ತಾನೇ ಆಣೆ ಹಾಕಿಕೊಂಡಿದ್ದ, ಎತ್ತಲಿಲ್ಲ. ಆದರೆ ಕಾಲು ಆಣೆಗೆ ಬಗ್ಗುತ್ತದೆಯೇ. ಚಹಾ ಹಿಡಿದು ನಿಂತು ಕಿಟಕಿಗೆ ಹೋದ, ಬಂದ, ಮತ್ತೆ ಹೋದ. ದೂರದಲ್ಲಿ ಯಾರೋ ಕೊನೆಯ ಸುತ್ತು ಹೊಡೆಯುತ್ತಿರುವ ಬೋಟಿನ ಸದ್ದು ಬರುತ್ತಿತ್ತು. ಮೂರನೆಯ ಸಲ ಅವನು ಕಿಟಕಿಯಿಂದ ತಿರುಗುವಷ್ಟರಲ್ಲಿ ಬಟಾಣಿಯ ಕುರ್ಚಿ ಖಾಲಿಯಾಗಿತ್ತು. ಬಾಗಿಲಿನ ಹಿಂದಿನ ಮೊಳೆಯಿಂದ ತನ್ನ ಜಾಕೆಟ್ ಇಳಿಸಿಕೊಂಡು, ಒಂದು ತೋಳು ತೂರಿಸಿ ಅವಳು ಬರುತ್ತಿದ್ದಳು. ಮೂಗು ಇನ್ನೂ ಕೆಂಪಗೆ ಊದಿತ್ತು.

"ಸ್ಕೂಲಿಗೆ ಇನ್ನೂ ಒಂದು ಗಂಟೆ ಇದೆ" ಎಂದಳು. "ಹೋಗೋಣ."

ಹೆಂಡತಿ ಬಾಯಿ ತೆರೆದಳು. ಅವನು ಬೇಡವೆಂದು ಕೈ ಸನ್ನೆ ಮಾಡಿದ.

"ನಿನಗೆ ಬೇಕಾ?" ಎಂದು ಕೇಳಿದ.

ಬಟಾಣಿಯ ಬಲಗೈ ತಲೆಯ ಮೇಲೆ ಹೋಯಿತು.

ಇಲ್ಲ ಎಂದು ಅವನೇ ಹೇಳಿಬಿಡಬಹುದಿತ್ತು. ಬೇಡ ಮಗು, ಇವತ್ತು ಬೇಡ, ಎಂದು ಎತ್ತಿಕೊಂಡಿದ್ದರೆ ಅವಳು ಅದಕ್ಕೂ ಸರಿ ಎನ್ನುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು. ಅವನು ಚಹಾದ ಲೋಟ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕೂತ. ಆ ಮನೆಯ ಆ ಕುರ್ಚಿಯಲ್ಲಿ ಅವನು ಕೂತದ್ದನ್ನು ಹೆಂಡತಿ ಅದೇ ಮೊದಲು ನೋಡಿದ್ದು. ಎರಡೂ ಕೈಯಿಂದ ತನ್ನ ಎರಡೂ ಮೊಣಕಾಲನ್ನು ಒತ್ತಿ ಹಿಡಿದು, ಅವಳ ಕೈಯನ್ನೇ ನೋಡುತ್ತಾ ಕಾದ.

ಹೊರಗೆ ಬೋಟಿನ ಸದ್ದು ಒಂದು ಸುತ್ತು ಮುಗಿಸಿ ಇನ್ನೊಂದು ಸುತ್ತಿಗೆ ಹೊರಟಿತು. ಬಟಾಣಿ ಅವನು ಏಳುತ್ತಾನೇನೋ ಎಂದು ನೋಡಿದಳು. ಅಮ್ಮನ ಮುಖ ನೋಡಿದಳು. ಯಾರೂ ಏನೂ ಹೇಳಿಕೊಡಲಿಲ್ಲ. ಅವಳ ಕೆಳದುಟಿ ಅದುರತೊಡಗಿತು. ಮೆಲ್ಲಗೆ, ಕೂದಲನ್ನು ಸವರುತ್ತಾ, ಕೈ ಕೆಳಗೆ ಬಂತು.

ಆಮೇಲೆ ಅವಳು ಎರಡೂ ಅಂಗೈಯಿಂದ ಮೇಜನ್ನು ಬಡಿದಳು. ಲೋಟ ಹಾರಿ ಉರುಳಿ ಹಾಲು ಬ್ರೆಡ್ಡಿನ ಮೇಲೆ, ಮೇಜಿನ ಅಂಚಿನಿಂದ ಅವನ ಪ್ಯಾಂಟಿನ ಮೇಲೆ ಸುರಿಯಿತು. ಅವಳು ಮತ್ತೊಂದು ಸಲ ಬಡಿದಳು.

"ನಂಗೆ ಬೇಡ. ಮೂಗು ಉರಿಯುತ್ತೆ. ನಂಗೆ ನೀರು ಅಂದ್ರೆ ಭಯ" ಎಂದಳು. ಅಳು ಕಟ್ಟೆ ಒಡೆದು ಬಂತು, ಅಳುವಿನ ನಡುವೆ ಮಾತೂ ಬಂತು. "ನನ್ನ ಬಿಸ್ಕತ್ತು ನೀನು ತಿಂದೆ. ಅದು ನಾನು ಇಟ್ಕೊಂಡಿದ್ದು. ಆ ದಿಂಬು ನಂಗೆ ಇಷ್ಟ ಇಲ್ಲ, ಅದರ ವಾಸನೆನೂ ಇಷ್ಟ ಇಲ್ಲ. ನೀನು ಬೆಳಿಗ್ಗೆ ಬೆಳಿಗ್ಗೆ ಸುತ್ತಿಗೆ ತಗೊಂಡು ಟಕ ಟಕ ಅಂತೀಯ, ನಂಗೆ ಎಚ್ಚರ ಆಗುತ್ತೆ. ಮತ್ತೆ ನನ್ನ ಹೆಸರು ಮಗು ಅಲ್ಲ."

"ಮತ್ತೇನು?" ಎಂದ.

"ಬಟಾಣಿ."

ಹಾಲು ಅವನ ಮೊಣಕಾಲಿನಿಂದ ಪಾದಕ್ಕೆ ಇಳಿಯುತ್ತಿತ್ತು. ಹೆಂಡತಿ ಒರೆಸುವ ಬಟ್ಟೆ ತರಲು ಹೋದವಳು ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಸಿಂಕಿನ ಹತ್ತಿರವೇ ನಿಂತುಬಿಟ್ಟಳು. ಬಟಾಣಿ ಮೂಗು ಎಳೆದುಕೊಂಡು, ಅವನನ್ನು ದುರುಗುಟ್ಟಿ ನೋಡಿ, "ಇನ್ನೂ ಇದೆ" ಎಂದಳು.

"ಹೇಳು" ಎಂದ ಬೋಟಿನವನು, ಕುರ್ಚಿಯಿಂದ ಏಳದೆ.